‘ಹೊರಟ್ರಾ?’ ಎಂದು ಕೇಳುವವರೊಬ್ಬರು

ವಾಟ್ಸ್‌ಆ್ಯಪ್ ಗುಂಪು ಕಟ್ಟಿಕೊಂಡರೆ ಜಾಸ್ತಿ ನಡೆಯುತ್ತೀರಿ ಎಂದು ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಇಂಥದ್ದನ್ನೇ ಪರೀಕ್ಷಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೂತೇ ದಿನ ಕಳೆಯುವ, ಜೊತೆಗೆ ಅತಿತೂಕವೋ ಸಕ್ಕರೆ ಕಾಯಿಲೆಯೋ ಹೃದಯದ ತೊಂದರೆಯೋ ಇದ್ದ 324 ಮಂದಿಗೆ ಹೆಜ್ಜೆ ಎಣಿಸುವ ಪುಟ್ಟ ಯಂತ್ರ ಕೊಟ್ಟು 16 ವಾರ ನಡೆಯಲು ಹಚ್ಚಿದರು. ಕೆಲವರಿಗೆ ಅಂತರ್ಜಾಲದಲ್ಲಿ ಪರಸ್ಪರ ಮಾತಾಡಿಕೊಳ್ಳುವ ಬಳಗವಿತ್ತು, ಉಳಿದವರಿಗೆ ಇರಲಿಲ್ಲ. ಕೊನೆಗೆ ಲೆಕ್ಕ ಹಾಕಿದರೆ ಎರಡೂ ಕಡೆಯವರ ಹೆಜ್ಜೆ ಹೆಚ್ಚುಕಡಿಮೆ ಒಂದೇ ಸಮ ಏರಿತ್ತು. ಆದರೆ ಬಳಗ ಇದ್ದವರಲ್ಲಿ ಶೇ 79ರಷ್ಟು ಮಂದಿ ಕೊನೆಯವರೆಗೂ ಉಳಿದರು. ಇಲ್ಲದವರಲ್ಲಿ ಉಳಿದದ್ದು ಶೇ 66.

ಅಂದರೆ ಗುಂಪು ನಮ್ಮನ್ನು ಓಡಿಸುವುದಿಲ್ಲ, ಕೈಬಿಡದಂತೆ ನೋಡಿಕೊಳ್ಳುತ್ತದೆ. ಇದನ್ನು ಮೊದಲೇ ತಿಳಿದುಕೊಂಡರೆ ಗುಂಪು ಕಟ್ಟುವ ರೀತಿಯೇ ಬೇರೆಯಾಗುತ್ತದೆ. ಹುರುಪು ತುಂಬಿದ ಮೊದಲ ವಾರಕ್ಕೆ ಯಾರ ನೆರವೂ ಬೇಡ. ಬೇಕಾಗುವುದು ಆರನೇ ವಾರಕ್ಕೆ, ಮಗನ ಪರೀಕ್ಷೆಗೆ, ಮನೆಗೆ ನೆಂಟರು ಬಂದಾಗ, ಜಿಟಿಜಿಟಿ ಮಳೆ ಹಿಡಿದಾಗ.

ನಮ್ಮ ದೇಶದ ಹೆಂಗಸರು ಎಷ್ಟು ಕಡಿಮೆ ಓಡಾಡುತ್ತಾರೆ ಎಂಬುದಕ್ಕೆ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆ 2024ರಲ್ಲಿ ಒಂದು ಅಂಕಿ ಕೊಟ್ಟಿತು. ವಾರಕ್ಕೆ 150 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ ಬೇಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ಭಾರತದ ಗಂಡಸರಲ್ಲಿ ಶೇ 42ರಷ್ಟು ಜನ ಈ ಮಟ್ಟ ಮುಟ್ಟುತ್ತಿಲ್ಲ, ಹೆಂಗಸರಲ್ಲಿ ಶೇ 57ರಷ್ಟು. ಇದನ್ನು ಬೆಂಗಳೂರಿನ ಬಸವೇಶ್ವರನಗರದ ಯಾವ ಗೃಹಿಣಿಯ ಮುಂದೆ ಓದಿದರೂ ಬರುವ ಉತ್ತರ ಗೊತ್ತೇ ಇದೆ: ‘ಬೆಳಗ್ಗೆ ಐದಕ್ಕೆ ಎದ್ದರೆ ರಾತ್ರಿವರೆಗೂ ನಿಂತೇ ಇರ್ತೀವಲ್ರೀ, ಅದು ಲೆಕ್ಕಕ್ಕಿಲ್ವಾ?’

ಪ್ರಶ್ನೆ ನ್ಯಾಯವಾದದ್ದೇ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಗಂಡಸರು 97. ನೆಲ ತಿಕ್ಕಿ ಒರೆಸುವುದು, ಬಟ್ಟೆ ಹಿಂಡಿ ಮಹಡಿಗೆ ಹೊತ್ತೊಯ್ಯುವುದು ಖಂಡಿತ ಶ್ರಮವೇ. ಆದರೆ ಒಲೆಯ ಮುಂದೆ ನಿಲ್ಲುವುದರಲ್ಲಿ ಕಾಲು ನೋಯುತ್ತದೆಯೇ ಹೊರತು ಉಸಿರು ಏರುವುದಿಲ್ಲ, ಎದೆಬಡಿತ ಹೆಚ್ಚುವುದಿಲ್ಲ. ದಣಿವು ಬೇರೆ, ವ್ಯಾಯಾಮ ಬೇರೆ. ಸುಸ್ತಾದ ಹೆಂಗಸಿಗೆ ‘ನೀನು ಸೋಮಾರಿ, ಎದ್ದು ನಡಿ’ ಎನ್ನುವ ಧಾಟಿಯಲ್ಲಿ ಬುದ್ಧಿ ಹೇಳುವವರನ್ನು ಕಂಡರೆ ನನಗಂತೂ ಸಿಟ್ಟು ಬರುತ್ತದೆ. ಅವಳಿಗೆ ಬೇಕಾದದ್ದು ಅರ್ಧ ಗಂಟೆಯ ಬಿಡುವು ಮತ್ತು ಆ ಅರ್ಧ ಗಂಟೆಯನ್ನು ಮನೆಯವರ ಎದುರು ಸಮರ್ಥಿಸಿಕೊಳ್ಳಲು ಒಂದು ಕಾರಣ. ‘ವಾಕಿಂಗ್ ಹೋಗ್ತೀನಿ’ ಎಂದರೆ ‘ನಾಳೆ ಹೋಗು’ ಎನ್ನುತ್ತಾರೆ. ‘ಅವರೆಲ್ಲ ಹೊರಟಿದಾರೆ, ಕಾಯ್ತಿದಾರೆ’ ಎಂದರೆ ದಾರಿ ಬಿಡುತ್ತಾರೆ. ಗುಂಪಿನ ಅರ್ಧ ಉಪಯೋಗ ಇಲ್ಲೇ ಇದೆ.

ಎಷ್ಟು ಹೆಜ್ಜೆ?

ಹತ್ತು ಸಾವಿರ ಎಂಬ ಸಂಖ್ಯೆ ವೈದ್ಯಕೀಯ ಸಂಶೋಧನೆಯಿಂದ ಬಂದದ್ದಲ್ಲ. ಟೋಕಿಯೊ ಒಲಿಂಪಿಕ್ಸ್‌ನ ಮರುವರ್ಷ, 1965ರಲ್ಲಿ, ಜಪಾನಿನ ಯಮಾಸಾ ಎಂಬ ಕಂಪನಿ ಹೆಜ್ಜೆ ಎಣಿಸುವ ಯಂತ್ರವೊಂದನ್ನು ಮಾರುಕಟ್ಟೆಗೆ ತಂದು ಅದಕ್ಕೆ ‘ಮಾನ್‌ಪೊ-ಕೆ’, ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರ್ ಎಂದು ಹೆಸರಿಟ್ಟಿತು. ಅಲ್ಲಿಂದ ಹೊರಟ ಸಂಖ್ಯೆ ನಮ್ಮ ಫೋನುಗಳವರೆಗೂ ಬಂದು ಕೂತಿದೆ. ಹಾರ್ವರ್ಡ್‌ನ ಐ-ಮಿನ್ ಲೀ ಮತ್ತು ಸಂಗಡಿಗರು 16,741 ವಯಸ್ಸಾದ ಮಹಿಳೆಯರನ್ನು, ಸರಾಸರಿ 72 ವರ್ಷದವರನ್ನು, ಗಮನಿಸಿ 2019ರಲ್ಲಿ ಬರೆದದ್ದು ನಮಗೆ ಹೆಚ್ಚು ಉಪಯೋಗಕ್ಕೆ ಬರುವಂಥದ್ದು. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗೆ ಹೋಲಿಸಿದರೆ 4,400 ನಡೆಯುವವರಲ್ಲಿ ಸಾವಿನ ಪ್ರಮಾಣ ಶೇ 41ರಷ್ಟು ಕಡಿಮೆಯಿತ್ತು. 7,500 ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ಆರೋಗ್ಯವಾಗಿದ್ದವರೇ ಹೆಚ್ಚು ನಡೆದಿರಬಹುದಲ್ಲ ಎಂಬ ಅನುಮಾನ ಇಂಥ ಅಧ್ಯಯನಗಳಿಗೆ ತಪ್ಪಿದ್ದಲ್ಲ. ಆದರೂ ಕಡಿಮೆಯಿಂದ ಸ್ವಲ್ಪಕ್ಕೆ ಏರುವುದರಲ್ಲೇ ದೊಡ್ಡ ಲಾಭ ಎಂಬುದು ಬೇರೆ ಅಧ್ಯಯನಗಳಲ್ಲೂ ಕಂಡಿದೆ.

ಆದ್ದರಿಂದ ಗುಂಪಿನ ಗುರಿಯಾಗಿ ಹತ್ತು ಸಾವಿರ ಹಾಕಲೇಬೇಡಿ. ಮೊದಲ ವಾರ ಯಾವ ಬದಲಾವಣೆಯನ್ನೂ ಮಾಡಿಕೊಳ್ಳದೆ, ಈಗ ಎಷ್ಟು ನಡೆಯುತ್ತಿದ್ದೀರಿ ಎಂದು ಎಣಿಸಿ. ಆ ಸಂಖ್ಯೆಗೆ ದಿನಕ್ಕೆ ಐನೂರೋ ಸಾವಿರವೋ ಸೇರಿಸಿ. ಎರಡು ವಾರ ಅದು ರೂಢಿಯಾದ ಮೇಲೆ ಇನ್ನಷ್ಟು. ಎಣಿಸುವ ರಗಳೆಯೇ ಬೇಡ ಎನ್ನುವವರು ನಿಮಿಷ ಹೇಳಿದರೂ ಆಯಿತು. ಒಂದೇ ಸಲಕ್ಕೆ ಹತ್ತು ನಿಮಿಷವಾದರೂ ನಡೆಯಬೇಕು ಎಂಬ ಹಳೆಯ ಷರತ್ತನ್ನು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೈಬಿಟ್ಟಿದೆ. ಐದು ನಿಮಿಷವೂ ಲೆಕ್ಕವೇ. ವೇಗಕ್ಕೊಂದು ಸುಲಭದ ಪರೀಕ್ಷೆ ಇದೆ. ನಡೆಯುತ್ತ ಪಕ್ಕದವರ ಜೊತೆ ಮಾತಾಡಲು ಆಗಬೇಕು, ದೇವರನಾಮ ಹಾಡಲು ಆಗಬಾರದು.

ಇಲ್ಲೊಂದು ಚಿಕ್ಕ ಮೋಸವಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ಹಲವು ದೇಶಗಳ ಫೋನ್‌ಗಳ ಹೆಜ್ಜೆ ಲೆಕ್ಕ ಪ್ರಕಟಿಸಿದಾಗ ಭಾರತದ ಸರಾಸರಿ ದಿನಕ್ಕೆ 4,297 ಬಂತು; ಹೆಂಗಸರದ್ದು ಗಂಡಸರಿಗಿಂತ ಕಡಿಮೆ. ಆದರೆ ಫೋನ್ ಗಂಡಸರ ಜೇಬಿನಲ್ಲಿರುತ್ತದೆ, ನಮ್ಮದು ಫ್ರಿಜ್ ಮೇಲೆ. ಸೀರೆಗೂ ನೈಟಿಗೂ ಜೇಬಿಲ್ಲ. ಮನೆಯೊಳಗಿನ ಓಡಾಟದ ಬಹುಪಾಲು ಯಾವ ಆ್ಯಪ್‌ಗೂ ಸಿಗುವುದಿಲ್ಲ. ನಡೆಯಲು ಹೊರಟಾಗ ಫೋನನ್ನು ಸೊಂಟದ ಚಿಕ್ಕ ಚೀಲದಲ್ಲಿ ಇಟ್ಟುಕೊಳ್ಳಿ, ಇಲ್ಲವೇ ಅಗ್ಗದ ಕೈಪಟ್ಟಿ ಕೊಳ್ಳಿ. ಗುಂಪಿನಲ್ಲಿ ಇಬ್ಬರ ಸಂಖ್ಯೆಯನ್ನು ಹೋಲಿಸುವ ಮೊದಲು ಇದು ನೆನಪಿರಲಿ.

ಗುಂಪು ಕಟ್ಟುವಾಗ

ಚೀಟಿ ನಡೆಸಿದ ಅನುಭವ ಇದ್ದವರಿಗೆ ಈ ಕೆಲಸ ಹೊಸದೇನಲ್ಲ: ಜನ ಪರಿಚಿತರಿರಬೇಕು, ಸಂಖ್ಯೆ ಮಿತಿಯಲ್ಲಿರಬೇಕು, ಪ್ರತಿಯೊಬ್ಬರೂ ಕಟ್ಟಬೇಕು, ಮುಗಿಯುವ ದಿನ ಮೊದಲೇ ಗೊತ್ತಿರಬೇಕು. ವಾಟ್ಸ್‌ಆ್ಯಪ್ ಒಂದು ಗುಂಪಿಗೆ 1,024 ಜನರನ್ನು ಬಿಟ್ಟುಕೊಳ್ಳುತ್ತದೆ. ನಿಮಗೆ ಎಂಟು ಹತ್ತು ಜನ ಸಾಕು. ಅದಕ್ಕಿಂತ ದೊಡ್ಡದಾದರೆ ಒಬ್ಬರು ಕಾಣೆಯಾದದ್ದು ಇನ್ನೊಬ್ಬರಿಗೆ ತಿಳಿಯುವುದಿಲ್ಲ, ಕಾಣೆಯಾದದ್ದು ತಿಳಿಯದಿದ್ದರೆ ಗುಂಪು ಇದ್ದೂ ಇಲ್ಲದ ಹಾಗೆ. ಭಾರತದಲ್ಲೇ ಹುಟ್ಟಿದ ಸ್ಟೆಪಥ್ಲಾನ್ ಎಂಬ ನೂರು ದಿನದ ನಡಿಗೆ ಕಾರ್ಯಕ್ರಮದಲ್ಲಿ ಕಚೇರಿಯ ನೌಕರರು ಐದೈದು ಜನರ ತಂಡ ಕಟ್ಟಿಕೊಳ್ಳುತ್ತಿದ್ದರು. ಸುಮಾರು 69 ಸಾವಿರ ಜನರ ಲೆಕ್ಕ ನೋಡಿ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸರಾಸರಿ ಏರಿಕೆ ದಿನಕ್ಕೆ 3,500 ಹೆಜ್ಜೆ ದಾಟಿತ್ತು. ಅದರಲ್ಲಿ ಹೆಂಗಸರು ನಾಲ್ಕನೇ ಒಂದು ಭಾಗಕ್ಕಿಂತ ಕಡಿಮೆ ಎಂಬುದನ್ನೂ ಹೇಳಬೇಕು.

ಯಾರನ್ನು ಸೇರಿಸುವುದು? ಭಜನಾ ಮಂಡಳಿಯವರು, ಮಕ್ಕಳ ಶಾಲೆಯ ಗೇಟಿನಲ್ಲಿ ಸಿಗುವ ತಾಯಂದಿರು, ಅಪಾರ್ಟ್‌ಮೆಂಟಿನ ಅದೇ ಬ್ಲಾಕಿನವರು. ಫಿಟ್ ಆಗಿರುವ ಒಬ್ಬರನ್ನು ಬೇಕಾದರೆ ಸೇರಿಸಿ, ಮೂವರನ್ನು ಬೇಡ. ಐದು ಕಿಲೋಮೀಟರ್ ಮುಗಿಸಿ ಆರು ಗಂಟೆಗೆ ಫೋಟೊ ಹಾಕುವವರ ನಡುವೆ ಎಂಟುನೂರು ಹೆಜ್ಜೆಯವರು ಬಾಯಿ ಬಿಡುವುದಿಲ್ಲ. ಅತ್ತೆ ಸೊಸೆ ಒಂದೇ ಗುಂಪಿನಲ್ಲಿ ಇರಬಾರದೆಂದೇನೂ ಇಲ್ಲ, ಆದರೆ ‘ಇವತ್ತು ಯಾಕೆ ಆಗಲಿಲ್ಲ’ ಎಂಬುದಕ್ಕೆ ನಿಜವಾದ ಉತ್ತರ ಅಲ್ಲಿ ಸಿಗಲಾರದು.

ನಿಯಮಗಳನ್ನು ಮೊದಲ ದಿನವೇ ಹಾಕಿ. ಆಮೇಲೆ ಹಾಕಿದರೆ ಯಾರಿಗೋ ನೋವಾಗುತ್ತದೆ. ಹೂವಿನ ಗುಡ್ ಮಾರ್ನಿಂಗ್ ಬೇಡ, ರಾಜಕೀಯ ಬೇಡ, ಸೀರೆ ಮಾರಾಟ ಬೇಡ. ‘ಥೈರಾಯ್ಡ್ ಬೇರುಸಹಿತ ಮಾಯ’ ಎನ್ನುವ ಫಾರ್ವರ್ಡ್‌ಗಳಂತೂ ಬೇಡವೇ ಬೇಡ. ಅಡ್ಮಿನ್ ಆದವರಿಗೆ ಬೇರೆಯವರ ಸಂದೇಶ ಅಳಿಸುವ ಸೌಲಭ್ಯವಿದೆ, ಬಳಸಿ. ಗುಂಪಿಗೆ ಸೇರಿದರೆ ನಿಮ್ಮ ನಂಬರ್ ಎಲ್ಲರಿಗೂ ಕಾಣುತ್ತದೆ, ಆದ್ದರಿಂದ ಯಾರೋ ಕಳಿಸಿದ ಲಿಂಕ್ ಒತ್ತಿ ಅಪರಿಚಿತರು ಸೇರದಂತೆ ಅಡ್ಮಿನ್ ಒಪ್ಪಿಗೆ ಕೊಡಬೇಕೆಂಬ ಆಯ್ಕೆ ಹಾಕಿಡಿ. ಅತಿ ಮುಖ್ಯವಾದ ನಿಯಮ ಇದು: ತೂಕದ ಮಾತು ಇಲ್ಲ. ‘ಎಷ್ಟು ಇಳಿದ್ರಿ?’ ಎಂದು ಒಬ್ಬರು ಕೇಳಿದ ದಿನ ಇಬ್ಬರು ಮೌನವಾಗುತ್ತಾರೆ. ನಡಿಗೆಯಿಂದ ತೂಕ ಇಳಿಯುವುದು ನಿಧಾನ, ಬಹಳ ಸಲ ಇಳಿಯುವುದೇ ಇಲ್ಲ. ರಕ್ತದೊತ್ತಡ, ಸಕ್ಕರೆ, ನಿದ್ದೆಗೆ ಆಗುವ ಉಪಕಾರ ಅದಕ್ಕೂ ಮೊದಲೇ ಶುರುವಾಗಿರುತ್ತದೆ.

ದಿನಕ್ಕೊಂದು ಸಂದೇಶ ಸಾಕು. ಸಂಖ್ಯೆ ಹಾಕಿ, ಇಲ್ಲವೇ ಪೋಲ್‌ನಲ್ಲಿ ‘ಆಯಿತು’, ‘ಸ್ವಲ್ಪ ಆಯಿತು’, ‘ಇವತ್ತು ರಜೆ’ ಎಂಬ ಮೂರರಲ್ಲಿ ಒಂದನ್ನು ಒತ್ತಿ. ಟೈಪ್ ಮಾಡಲು ಬೇಸರವಿರುವ ಹಿರಿಯರು ವಾಯ್ಸ್ ಮೆಸೇಜ್ ಕಳಿಸಲಿ. ದನಿಯಲ್ಲಿ ಏದುಸಿರು ಕೇಳಿದರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಬರೀ ಚಪ್ಪಾಳೆ, ಹೂಗುಚ್ಛ, ‘ಸೂಪರ್ ಕಣ್ರೀ’ಯಿಂದ ಕೆಲಸ ನಡೆಯುತ್ತದೆಯೇ? ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ 790 ವಿದ್ಯಾರ್ಥಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬೆನ್ನು ತಟ್ಟುವ ಗುಂಪುಗಳೇ ಹಿಂದೆ ಬಿದ್ದವು, ಪರಸ್ಪರ ಸಾಧನೆ ಕಾಣುವ ಪೈಪೋಟಿಯ ಗುಂಪುಗಳು ಬಹಳ ಮುಂದೆ ಹೋದವು. ಸುಮ್ಮನಿದ್ದವರು ಮಿಕ್ಕವರನ್ನೂ ಸುಮ್ಮನಾಗಿಸಿದ್ದರು ಎನ್ನುವುದು ಸಂಶೋಧಕರ ವಿವರಣೆ. ಕಾಲೇಜು ಹುಡುಗರ ಫಲಿತಾಂಶವನ್ನು ಮೊಣಕಾಲು ನೋವಿನ ಐವತ್ತೈದರವರಿಗೆ ಹಾಗೇ ಅನ್ವಯಿಸಲು ನಾನು ತಯಾರಿಲ್ಲ. ಪೈಪೋಟಿ ಬೇಕೆಂದರೆ ಅವರವರ ಕಳೆದ ವಾರದ ಜೊತೆ ಇರಲಿ. ಭಾನುವಾರ ಅಡ್ಮಿನ್ ‘ಈ ವಾರ ತಮ್ಮ ಹಿಂದಿನ ವಾರಕ್ಕಿಂತ ಮುಂದೆ ಬಂದವರು’ ಎಂದು ಹೆಸರು ಹಾಕಲಿ. ಮೊದಲ ಸ್ಥಾನ, ಕೊನೆಯ ಸ್ಥಾನ ಬೇಡ.

ಇನ್ನು ಕಾಣೆಯಾದವರು. ಮಿಷಿಗನ್ ಅಧ್ಯಯನದ ಪಾಠ ಇರುವುದೇ ಇಲ್ಲಿ, ಗುಂಪು ಉಳಿಯುವುದೂ ಬೀಳುವುದೂ ಇಲ್ಲೇ. ಮೂರು ದಿನ ಸದ್ದಿಲ್ಲದಿದ್ದರೆ ಒಬ್ಬರು ಫೋನ್ ಮಾಡಬೇಕು. ಗುಂಪಿನಲ್ಲಿ ಹೆಸರು ಹಿಡಿದು ಕೇಳಬಾರದು. ಯಾರು ಯಾರಿಗೆ ಮಾಡಬೇಕೆಂಬುದನ್ನು ಜೋಡಿ ಮಾಡಿಟ್ಟರೆ ‘ಅವರು ಮಾಡಿರ್ತಾರೆ ಬಿಡು’ ಎನ್ನುವುದು ತಪ್ಪುತ್ತದೆ. ಫೋನಿನಲ್ಲಿ ನಡಿಗೆಯ ಮಾತು ಕೊನೆಗೆ ಬರಲಿ. ‘ಹೇಗಿದೀರಿ ಅಕ್ಕ, ಕಾಣ್ಲಿಲ್ವಲ್ಲ’ ಎಂದು ಶುರು ಮಾಡಿದರೆ ಜ್ವರವೋ, ಮನೆಯ ಜಗಳವೋ, ಬೇಸರವೋ ತಾನಾಗಿ ಹೊರಬರುತ್ತದೆ. ವಾಪಸು ಬರುವವರಿಗೆ ‘ನಾಳೆ ಹತ್ತೇ ನಿಮಿಷ, ನಿಮ್ಮ ಗೇಟಿನ ತನಕ ನಾನೇ ಬರ್ತೀನಿ’ ಎಂದರೆ ಸಾಕು. ಬಿಟ್ಟುಹೋದ ದಿನಗಳ ಬಾಕಿ ತೀರಿಸಲು ಹೇಳಬೇಡಿ.

ಹಬ್ಬಗಳಿಗೆ ಮೊದಲೇ ತಯಾರಾಗಿ. ಶ್ರಾವಣದ ಶುಕ್ರವಾರಗಳು, ಗೌರಿ ಗಣೇಶ, ನವರಾತ್ರಿ ಸಾಲಾಗಿ ಬರುವ ಹೊತ್ತಿಗೆ ಅರ್ಧ ಗುಂಪು ಕರಗುತ್ತದೆ. ಆ ವಾರಗಳಿಗೆ ಗುರಿಯನ್ನು ಅರ್ಧಕ್ಕೆ ಇಳಿಸಿ. ಬೊಂಬೆ ನೋಡಲು ಐದು ಮನೆ ಸುತ್ತುವುದನ್ನು ಆಟೊ ಬಿಟ್ಟು ಕಾಲ್ನಡಿಗೆಯಲ್ಲಿ ಮಾಡಿದರೆ ಅದೇ ನಡಿಗೆ. ಧನುರ್ಮಾಸದಲ್ಲಿ ಬೆಳಗಿನ ಪೂಜೆಗೆ ಹೇಗೂ ಎದ್ದು ಹೋಗುತ್ತೀರಿ, ಹುಗ್ಗಿ ಪ್ರಸಾದ ತಿಂದು ಎರಡು ಕ್ರಾಸ್ ಸುತ್ತಿ ಬನ್ನಿ. ಹನ್ನೆರಡು ವಾರಕ್ಕೆ ಗುಂಪಿನ ಒಂದು ಸುತ್ತು ಮುಗಿದು ಹೊಸ ಸುತ್ತು ಶುರುವಾಗಲಿ. ಬೇಡವಾದವರು ಮುಜುಗರವಿಲ್ಲದೆ ಹೊರಗೆ ಹೋಗಬಹುದು.

ಪಶ್ಚಿಮ ಬೆಂಗಳೂರಿನ ಬೀದಿಗಳಲ್ಲಿ

ಜೊತೆಯಾಗಿಯೇ ನಡೆಯಬೇಕೆಂಬ ಹಟ ಬೇಡ. ಒಬ್ಬರ ಮನೆಗೆ ಕಾವೇರಿ ನೀರು ಬೆಳಗ್ಗೆ ಬರುತ್ತದೆ, ಇನ್ನೊಬ್ಬರಿಗೆ ಮಧ್ಯಾಹ್ನ. ಒಬ್ಬರ ಮಗಳ ಸ್ಕೂಲ್ ವ್ಯಾನ್ ಏಳೂವರೆಗೆ, ಇನ್ನೊಬ್ಬರ ಗಂಡನದು ರಾತ್ರಿ ಪಾಳಿ. ಫೋನಿನ ಗುಂಪಿನ ಅನುಕೂಲವೇ ಇದು: ಅವರವರ ಹೊತ್ತಿಗೆ, ಅವರವರ ಬೀದಿಯಲ್ಲಿ. ಎಲ್ಲರಿಗೂ ಹೊಂದುವ ಒಂದು ಹೊತ್ತು ಸಿಕ್ಕರೆ ಗ್ರೂಪ್ ಕಾಲ್ ಹಾಕಿಕೊಂಡು ಬೇರೆ ಬೇರೆ ಕಡೆ ನಡೆಯಬಹುದು. ಕ್ಯಾಲಿಫೋರ್ನಿಯದ ಮಗಳು ಬೇಸಿಗೆಯಲ್ಲಿ ಸಂಜೆ ಆರಕ್ಕೆ ಹೊರಟರೆ ಇಲ್ಲಿ ಬೆಳಗ್ಗೆ ಆರೂವರೆ. ಅಮ್ಮನ ವಾಕಿಂಗ್‌ಗೆ ಇದಕ್ಕಿಂತ ಒಳ್ಳೆಯ ಜೊತೆಯಿಲ್ಲ. ಇಯರ್‌ಫೋನ್ ಮಾತ್ರ ಒಂದೇ ಕಿವಿಗೆ.

ರಾಜಾಜಿನಗರದ ಮೇನು ಕ್ರಾಸುಗಳ ಚೌಕುಳಿ ನಡೆಯುವವರಿಗೆ ವರ. ಕಾರ್ಡ್ ರೋಡ್, ಡಾ. ರಾಜ್‌ಕುಮಾರ್ ರಸ್ತೆಗಳ ಗದ್ದಲ ಹೊಗೆಯನ್ನು ಬಿಟ್ಟು ಒಳಗಿನ ನಾಲ್ಕು ಕ್ರಾಸನ್ನೇ ಸುತ್ತಿದರೂ ಸಾಕು. ವಿಜಯನಗರದವರು ಅತ್ತಿಗುಪ್ಪೆ ಮೆಟ್ರೊ ನಿಲ್ದಾಣದಿಂದ ವಿಜಯನಗರ ನಿಲ್ದಾಣಕ್ಕೆ ನಡೆದರೆ ಸುಮಾರು ಒಂದು ಕಿಲೋಮೀಟರ್, ಅಂದರೆ ಹೆಚ್ಚುಕಡಿಮೆ 1,300 ಹೆಜ್ಜೆ. ಕೆಂಗೇರಿ, ನಾಗರಬಾವಿ ಕಡೆಯವರಿಗೆ ಮಲ್ಲತ್ತಹಳ್ಳಿ ಕೆರೆ ಇದೆ, ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದ ಮರಗಳ ನಡುವಿನ ರಸ್ತೆಗಳಿವೆ. ಎರಡನೆಯದಕ್ಕೆ ಬೆಳಕು ಹರಿದ ಮೇಲೆ, ಇಬ್ಬರು ಮೂವರಾಗಿ ಹೋಗಿ. ಪಾರ್ಕಿಗೆ ಹೊರಡುವ ಮುನ್ನ ಗೇಟಿನ ಬೋರ್ಡಿನಲ್ಲಿ ತೆರೆಯುವ ಹೊತ್ತು ನೋಡಿಕೊಳ್ಳಿ. ಬೇರೆ ಹೊತ್ತೇ ಇಲ್ಲದವರಿಗೆ ಬಸ್ಸಿದೆ: 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಬಿಎಂಟಿಸಿ ಬಸ್ಸಿನಲ್ಲಿ ನಮಗೆ ಟಿಕೆಟ್ ದುಡ್ಡಿಲ್ಲ, ಒಂದು ಸ್ಟಾಪ್ ಮೊದಲೇ ಇಳಿದರೆ ನಷ್ಟವೂ ಇಲ್ಲ.

ಸರಗಳ್ಳರ ಭಯ ಸುಳ್ಳಲ್ಲ. ಸರವನ್ನು ಸೆರಗಿನ ಅಥವಾ ವೇಲಿನ ಒಳಗೆ ಮುಚ್ಚಿಕೊಳ್ಳಿ, ಎದುರಿನಿಂದ ವಾಹನ ಬರುವ ಬದಿಯಲ್ಲಿ ನಡೆಯಿರಿ, ಫೋನ್ ನೋಡುತ್ತ ನಡೆಯಬೇಡಿ. ನಸುಕಿನಲ್ಲಿ ಒಬ್ಬರೇ ಹೊರಡುವವರು ಗುಂಪಿನ ಜೋಡಿಗೆ ಒಂದು ಗಂಟೆಯ ಲೈವ್ ಲೊಕೇಶನ್ ಕಳಿಸಿ. ಇಡೀ ಗುಂಪಿಗೆ ಬೇಡ, ಫೇಸ್‌ಬುಕ್‌ಗಂತೂ ಬೇಡ. ತುರ್ತಿಗೆ 112.

ಸೀರೆಗೆ ಶೂ ಹಾಕಲು ಸಂಕೋಚಪಡುವವರು ಇನ್ನೂ ಇದ್ದಾರೆ. ಜಯನಗರದಲ್ಲಿ ಹುಟ್ಟಿದ ಓಟಗಾರರ ಬಳಗ ಜೆಜೆ ಆ್ಯಕ್ಟಿವ್ ಮತ್ತು ಸೀರೆ ಮಳಿಗೆ ತನೈರಾ ಸೇರಿ ಇದೇ ಬೆಂಗಳೂರಿನಲ್ಲಿ ಸೀರೆ ಓಟ ನಡೆಸಿವೆ, ಅದರಲ್ಲಿ ಹೆಂಗಸರು ಸೀರೆ ಶೂನಲ್ಲೇ ಬೀದಿಗಿಳಿದಿದ್ದಾರೆ. ಸಕ್ಕರೆ ಕಾಯಿಲೆ ಇರುವವರು ಹವಾಯಿ ಚಪ್ಪಲಿಯಲ್ಲಿ ನಡೆಯಲೇಬಾರದು, ಪಾದದ ಗಾಯ ಅವರಿಗೆ ಗೊತ್ತಾಗುವುದು ತಡವಾಗಿ. ಇನ್ಸುಲಿನ್ ತೆಗೆದುಕೊಳ್ಳುವವರ ಚೀಲದಲ್ಲಿ ಗ್ಲೂಕೋಸ್ ಪುಡಿ ಇರಲಿ. ಊಟವಾದ ಮೇಲೆ ಹದಿನೈದು ನಿಮಿಷ ನಡೆದರೆ ಊಟದ ನಂತರ ಏರುವ ಸಕ್ಕರೆ ಹತೋಟಿಗೆ ಬರುತ್ತದೆ ಎಂದು 2013ರ ಒಂದು ಚಿಕ್ಕ ಅಧ್ಯಯನ ಅರವತ್ತು ದಾಟಿದವರಲ್ಲಿ ತೋರಿಸಿದೆ. ಮಹಡಿಯ ಮೇಲೆ ನಡೆದರೂ ನಡೆಯಿತು. ಮೊಣಕಾಲು ಮೊದಲೇ ನೋಯುತ್ತಿದ್ದರೆ ಸಮತಟ್ಟಾದ ಕಡೆ ಐದು ನಿಮಿಷದಿಂದ ಶುರು ಮಾಡಿ. ಎದೆ ಬಿಗಿತ, ಎಡಗೈಗೋ ದವಡೆಗೋ ಹರಡುವ ನೋವು, ತಲೆಸುತ್ತು ಬಂದರೆ ನಿಂತುಬಿಡಿ, 108ಕ್ಕೆ ಫೋನ್ ಮಾಡಿ. ಗುಂಪಿನಲ್ಲಿ ಕೇಳುತ್ತ ಕೂರಬೇಡಿ.

ಹತ್ತು ಹೆಂಗಸರು ದಿನಾ ನಡೆಯುವ ಗುಂಪಿಗೆ ಇನ್ನೊಂದು ಕೆಲಸವೂ ತಾನಾಗಿ ಬರುತ್ತದೆ. ಎದ್ದ ಕಲ್ಲುಚಪ್ಪಡಿ, ಉರಿಯದ ದೀಪ, ಫುಟ್‌ಪಾತ್ ಮೇಲೆ ನಿಂತ ಬೈಕು ಎಲ್ಲವೂ ನಮ್ಮ ಕಣ್ಣಿಗೇ ಮೊದಲು ಬೀಳುವುದು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದ ಮೇಲೆ ರಾಜಾಜಿನಗರ, ವಿಜಯನಗರಗಳು ಬೆಂಗಳೂರು ಪಶ್ಚಿಮ ನಗರ ಪಾಲಿಕೆಗೆ ಸೇರಿವೆ. ಸಹಾಯವಾಣಿ 1533. ಒಬ್ಬರೇ ದೂರು ಕೊಡುವ ಬದಲು ಫೋಟೊ ಗುಂಪಿಗೆ ಹಾಕಿ, ಅದೇ ಜಾಗದ ಬಗ್ಗೆ ಐದು ಜನ ಕೊಡಿ.

ಇಷ್ಟೆಲ್ಲ ಓದಿ ಈಗಲೇ ಗುಂಪಿಗೆ ಹೆಸರು ಹುಡುಕಲು ಕೂರಬೇಡಿ. ಮೊದಲು ಮೂವರಿಗೆ ಫೋನ್ ಮಾಡಿ, ನಾಳೆ ಎಷ್ಟು ಹೊತ್ತಿಗೆ ಎಂದು ಗೊತ್ತುಮಾಡಿಕೊಳ್ಳಿ. ಹೆಸರು, ಡಿಪಿ ಆಮೇಲೆ ಆದೀತು.